ದೇಯಿಯಕ್ಕನ ಆದಾಯ

ದೇಯಿಯಕ್ಕ ಕುಳಿತದ್ದನ್ನು ನಾನು ಕಂಡದ್ದು ಕಡಿಮೆ. ಅತ್ತಾವರದಲ್ಲಿ ಆಸ್ಪತ್ರೆಯ ಹಿಂದಿನ ಓಣಿಗೆ ತಿರುಗಿದರೆ ಲೋಕನಾಥ ಶೆಟ್ಟರ ಮನೆ. ಆ ಮನೆಯ ಬದಿಗೆ ತಾಗಿಕೊಂಡು ಶೀಟು ಹೊದೆಸಿದ ಒಂದು ಉದ್ದನೆಯ ಕೋಣೆ. ಅಲ್ಲಿ ಅವರು ಮಧ್ಯಾಹ್ನದ ಊಟ ಹಾಕುತ್ತಾರೆ. ಹೊರಗೆ ಬೋರ್ಡು ಇಲ್ಲ. ನರ್ಸಿಂಗ್ ಕಲಿಯುವ ಹುಡುಗಿಯರು, ವಾರ್ಡಿನ ಸಿಬ್ಬಂದಿ, ರೋಗಿಗಳ ಜೊತೆ ಬಂದು ದಾರಿ ತಪ್ಪಿದವರ ಹಾಗೆ ನಿಂತವರು, ಪಕ್ಕದ ಲ್ಯಾಬಿನಲ್ಲಿ ರಕ್ತದ ಟ್ಯೂಬುಗಳಿಗೆ ಹೆಸರಿನ ಚೀಟಿ ಅಂಟಿಸುವ ನಾನು, ಎಲ್ಲರೂ ಒಬ್ಬರಿಂದ ಒಬ್ಬರು ಕೇಳಿ ಬಂದವರೇ.

ಕುಚ್ಚಲಕ್ಕಿ ಅನ್ನ, ಸಾರು, ಒಂದು ಪಲ್ಯ, ಬೇಕಾದವರಿಗೆ ಮೀನು. ಬಡಿಸಿ ಮುಗಿದ ಮೇಲೂ ದೇಯಿಯಕ್ಕ ಬೆಂಚಿಗೆ ಒರಗುವುದಿಲ್ಲ. ತಟ್ಟೆಯನ್ನು ಕೈಯಲ್ಲೇ ಹಿಡಿದು, ಬಾಗಿಲ ಹತ್ತಿರ ನಿಂತು, ಓಣಿಯನ್ನು ನೋಡುತ್ತಾ ಉಣ್ಣುತ್ತಾರೆ. ಮಧ್ಯೆ ತಟ್ಟೆ ಕೆಳಗಿಟ್ಟು ಯಾವುದೋ ಮುಚ್ಚಳ ಸರಿ ಮಾಡಲು ಹೋಗುತ್ತಾರೆ. ಬಂದು ನೋಡಿದರೆ ಅನ್ನ ತಣ್ಣಗಾಗಿರುತ್ತದೆ.

ಕೈ ತೊಳೆಯುವ ಬೇಸಿನ್ನಿನ ಮೇಲೆ ಗೋಡೆಗೆ ಕ್ಯೂಆರ್ ಚೀಟಿ, ಪಕ್ಕದಲ್ಲಿ ಹಣ ಬಂದದ್ದನ್ನು ಕೂಗಿ ಹೇಳುವ ಸಣ್ಣ ಪೆಟ್ಟಿಗೆ. ಸ್ಕ್ಯಾನ್ ಮಾಡಿದರೆ ಮೊಬೈಲಿನಲ್ಲಿ ಕೌಶಲ್ ಎಂಬ ಹೆಸರು ಬರುತ್ತಿತ್ತು. ಕೌಶಲ್ ಅವರ ಒಬ್ಬನೇ ಮಗ, ಬಿಜೈಯ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿರುವವನು. ಊಟದ ವ್ಯಾಪಾರ ಶುರುವಾದಾಗ ಹುಡುಗಿಯರ ಕೈಯಲ್ಲಿ ನೋಟು ಇರುತ್ತಿರಲಿಲ್ಲ. ದೇಯಿಯಕ್ಕನ ಖಾತೆಗೆ ಮೊಬೈಲ್ ನಂಬರು ಜೋಡಿಸಿರಲಿಲ್ಲ. ಕೌಶಲ್‌ಗೆ ಕಾಲೇಜಿನ ಸ್ಕಾಲರ್‌ಶಿಪ್ಪಿಗೆಂದು ತೆರೆದ ಖಾತೆ ಇತ್ತು. "ಸದ್ಯಕ್ಕೆ ನನ್ನದು ಹಾಕುವಾ ಅಮ್ಮಾ" ಎಂದು ಅವನೇ ಅಂಟಿಸಿದ. ಆ ಸದ್ಯಕ್ಕೆ ಎಂಬುದು ಗೋಡೆಯಲ್ಲೇ ಉಳಿಯಿತು. ಅದರಲ್ಲಿ ತಪ್ಪೇನಾದರೂ ಇದೆ ಎಂದು ಯಾರಿಗೂ ತೋರಲಿಲ್ಲ.

ಇನ್ನೊಬ್ಬರ ಹೆಸರಿನಲ್ಲಿ ದುಡಿಯುವುದು ದೇಯಿಯಕ್ಕನಿಗೆ ಹೊಸತೂ ಆಗಿರಲಿಲ್ಲ. ಮದುವೆಯಾಗಿ ಹೋದ ಮನೆಯಲ್ಲಿ ಬೀಡಿಯ ಕಾರ್ಡು ಅತ್ತೆಯದು. ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ಸುರುಳಿ ಮಾಡಿ ನೂಲು ಕಟ್ಟುತ್ತಿದ್ದದ್ದು ಇವರು. ಬೀಡಿ ಕಂಪನಿಯ ಬ್ರಾಂಚಿನಲ್ಲಿ ಬರೆದುಕೊಳ್ಳುತ್ತಿದ್ದದ್ದು ಅತ್ತೆಯ ಹೆಸರು. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲಿ ಹಾಗೆಯೇ, ಕಾರ್ಡು ಒಂದು, ಸುತ್ತುವ ಕೈಗಳು ಹಲವು. ಅತ್ತೆ ತೀರಿಕೊಂಡ ಮೇಲೆ ಪ್ರಾವಿಡೆಂಟ್ ಫಂಡಿನ ಹಣ ಬಂತು. ಅದನ್ನು ಅವರ ಗಂಡುಮಕ್ಕಳು ಹಂಚಿಕೊಂಡರು. ಮೋಸ ಯಾರೂ ಮಾಡಲಿಲ್ಲ. ಕಾರ್ಡಿನಲ್ಲಿ ಇದ್ದ ಹೆಸರೇ ಬೇರೆ, ಅಷ್ಟೇ. ಗಂಡ ನೋಣಯ್ಯ ಕುವೈತಿನಲ್ಲಿ ಕೆಲಸಕ್ಕಿದ್ದವರು ಕಾಯಿಲೆ ಹಿಡಿದು ವಾಪಸಾದರು, ಆಸ್ಪತ್ರೆಗೆ ಓಡಾಡುತ್ತಲೇ ಹೋಗಿಬಿಟ್ಟರು. ಆ ಓಡಾಟದಲ್ಲಿ ದೇಯಿಯಕ್ಕ ಕಂಡದ್ದು, ಅತ್ತಾವರದಲ್ಲಿ ರೋಗಿಗಳ ಜೊತೆಯವರಿಗೆ ಮನೆಯಂಥ ಊಟ ಸಿಗುವುದಿಲ್ಲ ಎಂಬುದನ್ನು. ಹೀಗೆ ಶುರುವಾಯಿತು. ಇದನ್ನೆಲ್ಲ ಅವರು ನನಗೆ ಒಂದೇ ಸಲ ಹೇಳಿದವರಲ್ಲ. ಸಾರು ಬಡಿಸುವಾಗ ಒಂದು ಮಾತು, ತಟ್ಟೆ ಎತ್ತುವಾಗ ಇನ್ನೊಂದು.

ಆ ಮಳೆಗಾಲದಲ್ಲಿ ಕೋಣೆಯ ಮುಂದಿನ ಚರಂಡಿಯ ಚಪ್ಪಡಿ ಒಡೆಯಿತು. ಮಳೆ ಜೋರಾದಾಗಲೆಲ್ಲ ಕೊಳಕು ನೀರು ಉಕ್ಕಿ ಅಡುಗೆಯ ಹೊಸ್ತಿಲ ತನಕ ಬರುತ್ತಿತ್ತು. ದೇಯಿಯಕ್ಕ ಗೋಣಿಚೀಲ ಮಡಚಿ ಅಡ್ಡ ಇಡುವುದು, ನೀರು ಇಳಿದರೆ ತೆಗೆಯುವುದು, ಮತ್ತೆ ಇಡುವುದು. ಓಣಿಯವರು ಸೇರಿ ಕಾರ್ಪೊರೇಷನ್ನಿಗೆ ದೂರು ಕೊಡುವ ಮಾತಾಯಿತು. ಒಂದು ಭಾನುವಾರ ಲೋಕನಾಥ ಶೆಟ್ಟರ ಪೋರ್ಟಿಕೋದಲ್ಲಿ ಎಲ್ಲರೂ ಕೂಡಿದರು. ಶೆಟ್ಟರು ಬ್ಯಾಂಕಿನಲ್ಲಿ ಆಫೀಸರ್ ಆಗಿ ನಿವೃತ್ತರಾದವರು. ಕೆಟ್ಟ ಮನುಷ್ಯ ಅಲ್ಲ. ಬಾಡಿಗೆ ಹೆಚ್ಚು ಮಾಡಿ ಎಂದು ಮನೆಯವರು ಹೇಳಿದರೂ ಮಾಡಿದವರಲ್ಲ. ದೇಯಿಯಕ್ಕ ನನ್ನನ್ನೂ ಜೊತೆಗೆ ಕರೆದುಕೊಂಡು ಹೋಗಿದ್ದರು.

"ನನ್ನ ಅಡುಗೆಗೇ ನೀರು ಬರುದು ಶೆಟ್ರೇ. ನಾನೇ ಹೇಳ್ತೇನೆ ಅವರ ಹತ್ರ" ಎಂದರು ದೇಯಿಯಕ್ಕ.

"ನೀನು ಸ್ವಲ್ಪ ಸುಮ್ಮನಿರು ದೇಯಿ. ನಾವು ಟ್ಯಾಕ್ಸ್ ಕಟ್ಟುವವರು ಹೇಳಿದ್ರೆ ಸ್ವಲ್ಪ ಆದ್ರೂ ಕೇಳ್ತಾರೆ. ನಿಂಗೆ ಎಂತ ಚಿಂತೆ, ಅಕ್ಕಿ ಫ್ರೀ, ಬಸ್ಸು ಫ್ರೀ!"

"ಬಸ್ಸು ಎಲ್ಲಿ ಫ್ರೀ ಶೆಟ್ರೇ? ಇಲ್ಲಿ ಓಡುದೆಲ್ಲ ಪ್ರೈವೇಟ್ ಬಸ್ಸು. ಫ್ರೀ ಇರುವ ಸರಕಾರಿ ಬಸ್ಸು ಹುಡುಕ್ಲಿಕ್ಕೆ ನಾನು ಬಿಜೈ ಬಸ್‌ಸ್ಟ್ಯಾಂಡಿಗೆ ಹೋಗ್ಬೇಕು. ಅಲ್ಲಿಗೆ ಹೋಗ್ಲಿಕ್ಕೆ ಪ್ರೈವೇಟ್ ಬಸ್ಸಿಗೆ ಟಿಕೆಟ್ ತೆಗೀಬೇಕು."

ಎಲ್ಲರೂ ನಕ್ಕರು. ಶೆಟ್ಟರೂ ನಕ್ಕರು, ದೇಯಿಯಕ್ಕನೂ ನಕ್ಕರು. ಆದರೆ ಕೋಣೆಗೆ ಮರಳಿದ ಮೇಲೆ ಬೆಳಿಗ್ಗೆಯೇ ತೊಳೆದಿಟ್ಟಿದ್ದ ಒಂದು ದೊಡ್ಡ ಪಾತ್ರೆಯನ್ನು ಎಳೆದುಕೊಂಡು ಮತ್ತೆ ತಿಕ್ಕತೊಡಗಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಮಳೆ ನಿಂತಿತ್ತು. ಪಾತ್ರೆಯ ಸದ್ದು ಮಾತ್ರ ಓಣಿಯಲ್ಲಿ ಕೇಳುತ್ತಿತ್ತು.

ಅದೇ ದಿನಗಳಲ್ಲಿ ನಿರೀಕ್ಷಾಳ ಚರ್ಚಾಸ್ಪರ್ಧೆ ಬಂತು. ಅವಳು ನರ್ಸಿಂಗ್ ಎರಡನೇ ವರ್ಷದ ಹುಡುಗಿ, ದಿನಾ ಊಟಕ್ಕೆ ಬರುವವಳು. ಕಾಲೇಜಿನ ಕನ್ನಡ ಸಂಘದವರು ಇಟ್ಟ ವಿಷಯ, ಪ್ರಜೆಗಳು ಆದಾಯ ತೆರಿಗೆ ಕಟ್ಟಬೇಕೇ ಎಂಬುದು. ಚೀಟಿ ಎತ್ತಿದಾಗ ಅವಳಿಗೆ ಸಿಕ್ಕಿದ್ದು ಬೇಡ ಎಂಬ ಪಕ್ಷ. ಊಟ ಮುಗಿಸಿ ಖಾಲಿ ತಟ್ಟೆಯ ಮುಂದೆ ಎದ್ದು ನಿಂತು ಅಭ್ಯಾಸ ಮಾಡುತ್ತಿದ್ದಳು.

"ಮಾನ್ಯ ತೀರ್ಪುಗಾರರೇ, ಬೆವರು ಸುರಿಸುವುದು ನಾನು, ನಿದ್ದೆಗೆಡುವುದು ನಾನು. ನನ್ನ ದುಡಿಮೆಯಲ್ಲಿ ಪಾಲು ಕೇಳುವ ಹಕ್ಕು ಸರಕಾರಕ್ಕೆ ಎಲ್ಲಿಂದ ಬಂತು?"

"ಹಾಗೆ ಕೇಳು!" ಎಂದ ಸಮದ್. ಹೊಳೆಯಾಚೆಯ ಬೆಂಗ್ರೆಯಿಂದ ದೋಣಿಯಲ್ಲಿ ದಾಟಿಸಿ, ಸ್ಕೂಟರಿನಲ್ಲಿ ಮೀನು ತಂದುಕೊಡುವವನು ಅವನು. ದೊಡ್ಡ ಬೋಟುಗಳು ಕಡಲಿಗಿಳಿಯದ ಟ್ರಾಲಿಂಗ್ ನಿಷೇಧದ ಕಾಲ, ನಾಡದೋಣಿಗೆ ಸಿಕ್ಕಿದ್ದೇ ಮೀನು. ಹಾಗಾಗಿ ಅವನ ಬುಟ್ಟಿ ಹಗುರ, ಮಾತು ಭಾರ. "ಬಲೆ ಎಳೆಯುವಾಗ ಸರಕಾರ ಬರ್ತದಾ? ಕೈ ಕುಯ್ದಾಗ ಬರ್ತದಾ? ಮೀನು ಮಾರಿ ಆದ ಮೇಲೆ ಬರುದು."

"ನೀನು ಯಾವಾಗ ಕಟ್ಟಿದ್ದಿ ಮಾರಾಯ?" ಬಾಗಿಲಲ್ಲಿ ಕೊಡೆ ಮಡಚುತ್ತಾ ಲೋಕನಾಥ ಶೆಟ್ಟರು ಕೇಳಿದರು. ಕರೆಂಟಿನ ಮೀಟರು ನೋಡಲು ಬಂದವರು ಮಾತು ಕೇಳಿ ಅಲ್ಲೇ ನಿಂತಿದ್ದರು. "ನನ್ನದು ಸಂಬಳ ಕೈಗೆ ಬರುವ ಮುಂಚೆ ಕಡಿದು ಕೊಡ್ತಿದ್ರು. ಸರ್ವೀಸ್ ಪೂರ್ತಿ ಕಟ್ಟಿದೆ. ಪೆನ್ಷನ್ನಿಗೂ ಕಟ್ಟಿದೆ. ಎಂತ ಸಿಕ್ಕಿತು? ಆ ಚಪ್ಪಡಿ ನೋಡು."

"ಹಾಗಾದ್ರೆ ನೀವು ನನ್ನ ಸೈಡ್ ಅಂಕಲ್. ಬೇಡ ಅಂತ ಹೇಳಿ" ಎಂದಳು ನಿರೀಕ್ಷಾ.

"ಬೇಡ ಅಂತ ಹೇಳುದು ಹೇಗೆ? ನಿನ್ನ ಆಸ್ಪತ್ರೆಗೆ ಬರುವ ರೋಡು ಯಾರು ಹಾಕುದು? ಕಟ್ಟಬೇಕು. ನನ್ನ ಸಿಟ್ಟು ಅದಲ್ಲ. ನಾಲ್ಕು ಜನ ಕಟ್ಟುದು, ನಲವತ್ತು ಜನ ಕೂತು ಉಣ್ಣುದು, ಅದು ಸರಿಯಲ್ಲ. ಕಟ್ಟುದಾದ್ರೆ ಎಲ್ಲರೂ ಕಟ್ಟಬೇಕು."

"ಎಲ್ಲರೂ ಅಂದ್ರೆ ನಾನೂ ಉಂಟಾ ಶೆಟ್ರೇ?" ದೇಯಿಯಕ್ಕ ಸೌಟು ಹಿಡಿದೇ ಕೇಳಿದರು.

ಶೆಟ್ಟರು ನಿಜವಾಗಿಯೂ ಆಶ್ಚರ್ಯದಿಂದ ನೋಡಿದರು. "ನಿನ್ನದು ಎಂತ ಆದಾಯ ಮಾರಾಯ್ತಿ? ಇದು ಕೌಶಲ್‌ನ ಬಿಸಿನೆಸ್ ಅಲ್ವಾ? ಬಾಡಿಗೆಯೂ ಅವನ ಹೆಸರಿನಿಂದಲೇ ಬರುದು ನಂಗೆ."

ಅಷ್ಟು ಹೊತ್ತಿಗೆ ಯಾರೋ ಸ್ಕ್ಯಾನ್ ಮಾಡಿದರು. ಗೋಡೆಯ ಪೆಟ್ಟಿಗೆ ಹಣ ಬಂತೆಂದು ಕೂಗಿತು. ದೇಯಿಯಕ್ಕ ಸೌಟನ್ನು ಸಾರಿನಲ್ಲಿ ಅದ್ದಿ, ಯಾರ ತಟ್ಟೆಗೆ ಎಂದು ಮರೆತವರಂತೆ ಸ್ವಲ್ಪ ಹೊತ್ತು ಎತ್ತಿ ಹಿಡಿದರು. ಆಮೇಲೆ ಸಮದ್‌ನ ತಟ್ಟೆಗೆ ಸುರಿದರು. ಅವನು ಸಾಕು ಸಾಕು ಎನ್ನುತ್ತಿದ್ದ.

ಮುಂದಿನ ವಾರ ಕೌಶಲ್ ಊಟದ ಗಡಿಬಿಡಿಯ ಹೊತ್ತಿಗೇ ಬಂದ. ದಿನಾ ಅವನು ಊಟಕ್ಕೆ ಬರುವುದು ಎಲ್ಲರದೂ ಮುಗಿದ ಮೇಲೆ. ಮಳೆಕೋಟು ಕಳಚದೆ ಮೊಬೈಲನ್ನು ತಾಯಿಯ ಮುಂದೆ ಹಿಡಿದ. ಆದಾಯ ತೆರಿಗೆ ಇಲಾಖೆಯಿಂದ ಮೆಸೇಜು. ಖಾತೆಗೆ ಇಷ್ಟು ಹಣ ಬಂದಿದೆ, ರಿಟರ್ನ್ ಯಾಕೆ ಸಲ್ಲಿಸಿಲ್ಲ ಎಂದು. ಮೊದಲು ಅವನ ಮುಖದಲ್ಲಿ ಹೆದರಿಕೆ ಇತ್ತು. ಎರಡು ದಿನ ಬಿಟ್ಟು ಬಂದಾಗ ಹೆದರಿಕೆ ಇರಲಿಲ್ಲ, ಏನೋ ಒಂದು ಹುರುಪು. ಮನೆಯಲ್ಲಿ ಅವರದು ತುಳು. ನನಗೂ ಅರ್ಥವಾಗುತ್ತದೆ.

"ಅಮ್ಮಾ, ಇದು ಒಳ್ಳೆಯದೇ ಆಯ್ತು. ನನ್ನ ಹೆಸರಿನಲ್ಲೇ ರಿಟರ್ನ್ ಹಾಕುವಾ. ಟ್ಯಾಕ್ಸ್ ಏನೂ ಬೀಳುದಿಲ್ಲವಂತೆ. ಆದ್ರೆ ಪೇಪರ್ ಆಗ್ತದೆ. ನನ್ನ ಸಂಬಳ ಮಾತ್ರ ತೋರಿಸಿದ್ರೆ ಬ್ಯಾಂಕಿನವರು ನಗ್ತಾರೆ. ಇದು ಸೇರಿದ್ರೆ ಕಾರಿನ ಲೋನ್ ಆಗ್ತದೆ. ಬಜ್ಪೆ ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸ್ತೇನೆ. ಇನ್ನೊಬ್ಬನ ಅಂಗಡಿಯಲ್ಲಿ ಸ್ಕ್ರೀನ್ ಒರೆಸಿಕೊಂಡು ಎಷ್ಟು ವರ್ಷ ಕೂತುಕೊಳ್ಳುದು?"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ಕಾರಿನ ಬಣ್ಣವನ್ನು ಕೂಡ ಅವನು ಆರಿಸಿಟ್ಟಿದ್ದ.

"ನೋಡುವಾ" ಎಂದರು ದೇಯಿಯಕ್ಕ. ಅವನು ಹೋದ ಮೇಲೆ ನನ್ನ ಕಡೆಗೆ ತಿರುಗಿ, "ಶನಿವಾರ ಬಿಜೈಗೆ ಬರ್ತೀಯಾ? ಅಲ್ಲಿ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಬಂದ್ರೆ ನಂಗೆ ಹೇಳ್ಲಿಕ್ಕೆ" ಎಂದು ಕೇಳಿದರು.

ಬಿಜೈಯಲ್ಲಿ ಬಸ್ ನಿಲ್ದಾಣದ ಹತ್ತಿರ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಆನ್ಸಿಯವರ ಆಫೀಸು. ತೆರಿಗೆಯ ಕೆಲಸ ಮಾಡಿಕೊಡುವ ಹೆಂಗಸು. ರಿಟರ್ನ್ ಸಲ್ಲಿಸುವ ಸಮಯವಾದ್ದರಿಂದ ಮೆಟ್ಟಿಲಿನ ತನಕ ಜನ, ಒದ್ದೆ ಕೊಡೆಗಳ ಸಾಲು. ಆನ್ಸಿ ತಲೆ ಎತ್ತದೆ ಕೇಳಿದರು.

"ಊಟದ ಅಂಗಡಿ ಯಾರದ್ದು?"

"ನಮ್ಮದೇ ಮೇಡಂ" ಎಂದ ಕೌಶಲ್.

"ನಮ್ಮದೇ ಅಂತ ಬರೀಲಿಕ್ಕೆ ಇದರಲ್ಲಿ ಜಾಗ ಇಲ್ಲ. ಒಬ್ಬರ ಹೆಸರು ಬೇಕು. ಅಡುಗೆ ಯಾರು ಮಾಡುದು, ಸಾಮಾನು ಯಾರು ತರುದು?"

ಕೌಶಲ್ ತಾಯಿಯನ್ನು ನೋಡಿದ. "ಅಮ್ಮ ಮಾಡುದು. ಆದ್ರೆ ಹಣ ಎಲ್ಲ ನನ್ನ ಖಾತೆಗೆ. ಮನೆ ಒಂದೇ ಅಲ್ವಾ?"

ಆನ್ಸಿ ಈಗ ತಲೆ ಎತ್ತಿದರು. "ಮನೆ ಒಂದೇ. ಆದಾಯ ದುಡಿದವರದ್ದು. ಖಾತೆ ಮಗನದ್ದು, ದುಡಿಮೆ ತಾಯಿಯದ್ದು ಅಂತ ಇಲಾಖೆಗೆ ಉತ್ತರ ಬರೀಬಹುದು. ಇಬ್ಬರದ್ದೂ ಬೇರೆ ಬೇರೆ ಹಾಕುದು. ಸರಿಯಾದ ದಾರಿ ಅದು. ಆದ್ರೆ ಒಂದು ಮಾತು ಅಕ್ಕ, ನಿಮ್ಮದು ಬಿಪಿಎಲ್ ಕಾರ್ಡಲ್ವಾ? ಅದರಲ್ಲಿ ಮಗನ ಹೆಸರಿಲ್ಲ, ನಿಮ್ಮದು ಮಾತ್ರ. ನಿಮ್ಮ ಹೆಸರಿನಲ್ಲಿ ರಿಟರ್ನ್ ಆದ್ರೆ ಕಾರ್ಡು ಹೋದ್ರೂ ಹೋಗಬಹುದು. ಸರಕಾರ ಕೊಡುವ ತಿಂಗಳ ಎರಡು ಸಾವಿರವೂ. ಹೋಗದೆಯೂ ಇರಬಹುದು. ಗ್ಯಾರಂಟಿ ಹೇಳ್ಲಿಕ್ಕೆ ನಂಗೆ ಆಗುದಿಲ್ಲ. ಮನೆಗೆ ಹೋಗಿ ಮಾತಾಡಿಕೊಂಡು ಬನ್ನಿ."

ಮೆಟ್ಟಿಲು ಇಳಿಯುವಾಗ ಕೌಶಲ್ ಮುಂದೆ, ದೇಯಿಯಕ್ಕ ಹಿಂದೆ. ಬೇಕರಿಯವನು ಬಿಸಿ ಬನ್ನುಗಳನ್ನು ಹೊರಗೆ ಇಡುತ್ತಿದ್ದ. ಒಂದು ತೆಗೆದುಕೊಳ್ಳಿ ಎಂದು ನಾನು ಹೇಳಿದೆ. ಅವರು ತೆಗೆದುಕೊಂಡು, ಕೈಯಲ್ಲೇ ಹಿಡಿದು, ಅತ್ತಾವರದವರೆಗೂ ತಿನ್ನದೆ ಬಂದರು.

ಆಮೇಲಿನ ದಿನಗಳಲ್ಲಿ ಅವರ ಅಡುಗೆಯಲ್ಲಿ ಉಪ್ಪು ಹೆಚ್ಚುಕಡಿಮೆಯಾಗಲಿಲ್ಲ. ಕೈಗೆ ಅದು ಅಭ್ಯಾಸ. ಆದರೆ ಅವರು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಬೆಂಚುಗಳನ್ನು ಗೋಡೆಗೆ ಒತ್ತಿಟ್ಟರು, ಮರುದಿನ ನಡುವಿಗೆ ತಂದರು. ನನ್ನ ಮುಂದೆ ತಟ್ಟೆ ಇಟ್ಟು, ನೀರು ತರಲು ಹೋಗಿ, ಬೇರೆಯವರಿಗೆ ನೀರು ಕೊಟ್ಟು ಹೊರಗೆ ನಡೆದುಬಿಡುತ್ತಿದ್ದರು. ಒಮ್ಮೆ ಬೇಸಿನ್ನಿನ ಹತ್ತಿರ ನಿಂತು, ಗೋಡೆಯ ಚೀಟಿಯ ಮೂಲೆಯನ್ನು ಉಗುರಿನಿಂದ ಸ್ವಲ್ಪ ಎಬ್ಬಿಸಿ, ಮತ್ತೆ ಹೆಬ್ಬೆರಳಿನಿಂದ ಒತ್ತಿ ಅಂಟಿಸಿದ್ದನ್ನು ನೋಡಿದೆ.

ಒಂದು ಮಧ್ಯಾಹ್ನ ಊಟ ಮುಗಿದದ್ದೇ ಬಾಗಿಲು ಎಳೆದು ಎಲ್ಲಿಗೋ ಹೋದರು. ಎಲ್ಲಿಗೆಂದು ಮರುದಿನ ಸಮದ್‌ನಿಂದ ಗೊತ್ತಾಯಿತು.

"ನಿಮ್ಮ ದೇಯಕ್ಕ ನಿನ್ನೆ ಬಂದರಿನಲ್ಲಿ ನಮ್ಮ ದೋಣಿಗೆ ಹತ್ತಿದ್ರು. ನಾನು ಎಣಿಸಿದೆ, ಮೀನಿಗೆ ಬರುದು ಅಂತ. ಬೆಂಗ್ರೆ ಬಂತು, ಎಲ್ಲರೂ ಇಳಿದ್ರು, ಇವರು ಇಳಿಯಲಿಲ್ಲ. ದೋಣಿಯವ ಕೇಳಿದ, ಇಳಿಯುದಿಲ್ವಾ ಅಂತ. ಇಲ್ಲ, ಹಿಂದೆ ಹೋಗುದು ಅಂದ್ರು. ಅವ ನನ್ನ ಮುಖ ನೋಡಿದ. ನಾನು ಇಳಿದವ ಪುನಃ ಹತ್ತಿದೆ, ಎಂತ ಮಾಡುದು!"

"ಎಂತ ಮಾತಾಡಿದ್ರು?" ಎಂದು ನಾನು ತಗ್ಗಿದ ದನಿಯಲ್ಲಿ ಕೇಳಿದೆ. ದೇಯಿಯಕ್ಕ ಹಿಂದೆ ತೆಂಗಿನಕಾಯಿ ತುರಿಯುತ್ತಿದ್ದರು.

"ಕಾರ್ಡಿನ ವಿಷಯ. ನಮ್ಮ ಅಣ್ಣ ಬೈಕಿನ ಲೋನಿಗೆ ಅಂತ ಒಂದು ರಿಟರ್ನ್ ಹಾಕಿದ್ದ. ಟ್ಯಾಕ್ಸ್ ಕಟ್ಟಿದ್ದು ಒಂದು ಪೈಸೆ ಇಲ್ಲ. ಅತ್ತಿಗೆ ರೇಷನ್ ಅಂಗಡಿಗೆ ಹೋದ್ರೆ ಅಕ್ಕಿ ಇಲ್ಲ, ಕಾರ್ಡು ಬಂದ್. ಆಫೀಸಿಗೆ ಅಲೆದು ಅಲೆದು ಚಪ್ಪಲಿ ಹೋಯ್ತು. ಅದನ್ನೇ ಹೇಳಿದೆ ದೇಯಕ್ಕನಿಗೆ, ನೀವು ಆ ಕೆಲಸ ಮಾಡಬೇಡಿ ಅಂತ. ಮಗನ ಹೆಸರಿಗೆ ಹಾಕಿ, ಆರಾಮ ಇರಿ ಅಂತ."

"ಅದಕ್ಕೆ?"

"ನೀರು ನೋಡ್ತಾ ಇದ್ರು. ಆಮೇಲೆ ಕೇಳಿದ್ರು, ನಿಮ್ಮ ಅತ್ತಿಗೆಗೆ ಎಷ್ಟು ಬೇಜಾರಾಯ್ತು ಅಂತ. ನಾನು ಹೇಳಿದೆ, ಅಕ್ಕಿ ಹೋದದ್ದಕ್ಕೆ ತುಂಬ ಬೇಜಾರಾಯ್ತು ಅಂತ. ಅಷ್ಟೇ." ಸಮದ್ ಕೈ ತೊಳೆದು, ನಾಲ್ಕು ಬಂಗುಡೆ ಹೆಚ್ಚಿಗೆ ಇಟ್ಟು ಹೋದ.

ತೀರ್ಮಾನ ಹೇಳಿದ್ದು ಒಂದು ಗುರುವಾರ, ಕೊನೆಯ ಪಂಕ್ತಿ ಎದ್ದ ಮೇಲೆ. ಕೌಶಲ್ ಊಟಕ್ಕೆ ಕುಳಿತಿದ್ದ. ನಾನು ಕೈ ತೊಳೆದು ಕೊಡೆ ಹುಡುಕುತ್ತಿದ್ದೆ.

"ಶನಿವಾರ ಆ ಮೇಡಮಿನ ಹತ್ತಿರ ಹೋಗುವಾ. ನನ್ನ ಹೆಸರಿನಲ್ಲೇ ಹಾಕಿಸ್ತೇನೆ" ಎಂದರು ದೇಯಿಯಕ್ಕ.

ಕೌಶಲ್ ತುತ್ತು ಬಾಯಿಗಿಡದೆ ನೋಡಿದ. "ಯಾಕೆ?"

"ನಾನು ಮಾಡುದಲ್ವಾ, ಅದಕ್ಕೆ."

"ನನಗೋಸ್ಕರ ಅಲ್ವಾ ಮಾಡುದು?"

"ನಿನಗೋಸ್ಕರವೇ ಮಾಡುದು. ಆದ್ರೆ ಮಾಡುದು ನಾನು."

"ಅಕ್ಕಿ ಹೋಗ್ತದೆ, ಎರಡು ಸಾವಿರ ಹೋಗ್ತದೆ, ನನ್ನ ಕಾರು ಹೋಗ್ತದೆ. ಎಂತ ಸಿಗ್ತದೆ ನಿಂಗೆ ಅಮ್ಮಾ? ಸನ್ಮಾನ ಮಾಡ್ತಾರಾ? ಶಾಲು ಹಾಕ್ತಾರಾ?"

ದೇಯಿಯಕ್ಕನ ಕೈ ಮೇಜಿನ ಮೇಲೆ ಬಟ್ಟೆ ಹಿಡಿದು ಒಂದೇ ಜಾಗವನ್ನು ಒರೆಸುತ್ತಿತ್ತು. "ನಿನ್ನ ಅಜ್ಜಿಯ ಬೀಡಿ ಕಾರ್ಡು ನೆನಪುಂಟಾ?" ಎಂದರು ಕೊನೆಗೆ.

"ಅದು ಯಾವ ಕಾಲದ್ದು! ಅಜ್ಜಿಯ ಹಾಗೆ ನಾನು ನಿನ್ನ ಹಣ ತೆಗೊಂಡು ಹೋಗ್ತೇನಾ?"

"ಅಜ್ಜಿಯೂ ತೆಗೊಂಡು ಹೋಗ್ಲಿಲ್ಲ ಮಗಾ. ಅವರು ಒಳ್ಳೆಯವರೇ. ನೀನೂ ಒಳ್ಳೆಯವನೇ." ಒರೆಸುವುದು ನಿಂತಿತು. "ನಾಳೆ ನಂಗೆ ಕೈಲಾಗದೆ ಮೂಲೆಯಲ್ಲಿ ಕೂತಾಗ, ಇವಳು ಒಂದು ಕಾಲದಲ್ಲಿ ದುಡಿದಿದ್ದಳು ಅಂತ ಎಲ್ಲಾದ್ರೂ ಬರ್ದಿರ್ಬೇಕು. ಒಂದು ಕಡೆ ಆದ್ರೂ. ಕಾರು ತೆಗಿಯುವಾ. ನನ್ನ ಹೆಸರಿನಲ್ಲಿ ಎರಡು ಮೂರು ವರ್ಷ ಆದ್ರೆ ಲೋನು ನಾನೇ ಕೇಳ್ತೇನೆ."

"ಓನರ್ ಅಮ್ಮ, ಡ್ರೈವರ್ ಮಗ! ಚಂದ ಉಂಟು." ಕೌಶಲ್ ಎದ್ದ. ತಟ್ಟೆಯಲ್ಲಿ ಅನ್ನ ಅರ್ಧ ಉಳಿದಿತ್ತು. ಕೈ ತೊಳೆಯುವಾಗ ತನ್ನದೇ ಹೆಸರಿನ ಚೀಟಿ ಅವನ ಕಣ್ಣ ಮುಂದೆ ಇತ್ತು. ಅವನು ಅದನ್ನು ನೋಡಿದನೋ ಇಲ್ಲವೋ ತಿಳಿಯದು. ಸ್ಕೂಟರಿನ ಸದ್ದು ಓಣಿ ತಿರುಗುವ ತನಕ ದೇಯಿಯಕ್ಕ ಆ ತಟ್ಟೆಯನ್ನು ಎತ್ತಲಿಲ್ಲ.

ಶನಿವಾರ ಅವನು ಬಂದ. ಆನ್ಸಿಯ ಆಫೀಸಿನಲ್ಲಿ ಬಾಗಿಲ ಹತ್ತಿರವೇ ನಿಂತ. ಕೇಳಿದ್ದಕ್ಕೆಲ್ಲ ಮೊಬೈಲಿನಲ್ಲಿ ಹುಡುಕಿ ತೋರಿಸಿದ. ಆನ್ಸಿಯ ಬೆರಳುಗಳು ಕೀಲಿಗಳ ಮೇಲೆ ಓಡುತ್ತಿದ್ದವು. ದೇಯಿಯಕ್ಕ ಕುರ್ಚಿಯ ಅಂಚಿನಲ್ಲಿ ಕುಳಿತು, ಪರದೆಯ ಮೇಲೆ ತಮ್ಮ ಹೆಸರು ಎಲ್ಲಿದೆ ಎಂದು ನನ್ನಲ್ಲಿ ಕೇಳಿದರು. ನಾನು ತೋರಿಸಿದೆ. ಆ ಜಾಗದಿಂದ ಅವರು ಕಣ್ಣು ತೆಗೆಯಲಿಲ್ಲ.

"ಟ್ಯಾಕ್ಸ್ ಎಷ್ಟು ಬಂತು?" ಎಂದು ಕೇಳಿದರು.

"ಸೊನ್ನೆ ಅಕ್ಕ. ನಿಮ್ಮ ಆದಾಯಕ್ಕೆ ಟ್ಯಾಕ್ಸ್ ಇಲ್ಲ."

"ಎಂತದೂ ಇಲ್ವಾ?"

ಆ ದನಿಯಲ್ಲಿದ್ದ ನಿರಾಸೆಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಆನ್ಸಿ ನಕ್ಕುಬಿಟ್ಟರು. "ಇಡೀ ಬಿಜೈಯಲ್ಲಿ ಟ್ಯಾಕ್ಸ್ ಬೀಳಲಿಲ್ಲ ಅಂತ ಬೇಜಾರು ಮಾಡಿದವರು ನೀವೊಬ್ಬರೇ. ನನ್ನ ಫೀಸ್ ಕೊಡಿ, ಅಷ್ಟು ಸಾಕು. ಈಗ ನಿಮ್ಮ ಮೊಬೈಲಿಗೆ ಒಂದು ಓಟಿಪಿ ಬರ್ತದೆ, ಹೇಳಿ."

ಮೊಬೈಲು ಸದ್ದು ಮಾಡಿತು. ದೇಯಿಯಕ್ಕ ಅದನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡರು.

"ಹೇಳಿ ಅಕ್ಕ, ಟೈಮ್ ಹೋಗ್ತದೆ."

"ಓಟಿಪಿ ಯಾರಿಗೂ ಹೇಳ್ಬಾರ್ದು ಅಂತ ಮಗ ಹೇಳಿದ್ದಾನೆ."

ಬ್ಯಾಂಕಿನ ಹೆಸರಿನಲ್ಲಿ ಯಾರೋ ಫೋನು ಮಾಡಿ ಮೋಸ ಮಾಡುತ್ತಾರೆಂದು ಕೌಶಲ್ ಅವರಿಗೆ ಬಾಯಿಪಾಠ ಮಾಡಿಸಿದ್ದ ಮಾತದು. ಬಾಗಿಲ ಹತ್ತಿರ ನಿಂತವನ ತುಟಿಯಲ್ಲಿ ನಗು ಅಲುಗಿತು. ಗುರುವಾರದ ನಂತರ ಮೊದಲ ಸಲ. "ಇವರಿಗೆ ಹೇಳಬಹುದು ಅಮ್ಮಾ" ಎಂದ. ಕೆಲಸ ಮುಗಿದ ಮೇಲೆ ಅವನು ಹಾಗೆಯೇ ಅಂಗಡಿಗೆ ಹೋದ. ನಾವಿಬ್ಬರೂ ಬಸ್ಸಿನಲ್ಲಿ ಬಂದೆವು. ಪ್ರೈವೇಟ್ ಬಸ್ಸು. ಟಿಕೆಟ್ಟು ದೇಯಿಯಕ್ಕನೇ ತೆಗೆದರು.

ನಿರೀಕ್ಷಾ ಸ್ಪರ್ಧೆಯಲ್ಲಿ ಗೆದ್ದಳು. ತೆರಿಗೆ ಬೇಡ ಎಂದು ಅಷ್ಟು ಚೆನ್ನಾಗಿ ಮಾತಾಡಿದಳಂತೆ. ದೇಯಿಯಕ್ಕ ಅವಳಿಗೆ ಒಂದು ಮೀನು ಹೆಚ್ಚು ಬಡಿಸಿ, "ಬೇಡ ಅಂದದ್ದಕ್ಕೆ ಬಹುಮಾನ. ಬೇಕು ಅಂದವರಿಗೆ ಎಂತ ಸಿಕ್ಕಿತು?" ಎಂದು ಕೇಳಿದರು. ಸರ್ಟಿಫಿಕೇಟ್ ಎಂದಳು ಅವಳು.

ವಿಷಯ ಲೋಕನಾಥ ಶೆಟ್ಟರಿಗೂ ತಲುಪಿತು. "ಸೊನ್ನೆ ಟ್ಯಾಕ್ಸಿಗೆ ಇಷ್ಟು ಓಡಾಟವಾ ದೇಯಿ?" ಎಂದು ಅವರು ಗೇಟಿನಲ್ಲೇ ನಕ್ಕರು.

"ಇನ್ನು ಚಪ್ಪಡಿಯ ಮೀಟಿಂಗಿಗೆ ನಾನು ಮಾತಾಡಬಹುದಲ್ವಾ ಶೆಟ್ರೇ?"

"ಮಾತಾಡು, ಮಾತಾಡು. ಬೇಡ ಅಂತ ಯಾರು ಹೇಳಿದ್ದು ನಿಂಗೆ?"

ಅವರಿಗೆ ಆ ಭಾನುವಾರದ ಮಾತು ನಿಜವಾಗಿಯೂ ನೆನಪಿರಲಿಲ್ಲ. ದೇಯಿಯಕ್ಕ ಗೋಣಿಚೀಲ ಎತ್ತಿಕೊಂಡು ಒಳಗೆ ಬಂದರು. ಚಪ್ಪಡಿ ಇನ್ನೂ ಒಡೆದೇ ಇದೆ. ಕಾರ್ಡಿಗೆ ಈ ತಿಂಗಳ ಅಕ್ಕಿ ಬಂದಿದೆ. ಮುಂದಿನ ತಿಂಗಳು ಬರುವುದೋ ಇಲ್ಲವೋ ಎಂದು ರೇಷನ್ ಅಂಗಡಿಯವನಿಗೂ ಗೊತ್ತಿಲ್ಲ. ರೇಷನ್ನಿಗೆ ಹೋಗುವ ದಿನ ಬೆಳಿಗ್ಗೆ ದೇಯಿಯಕ್ಕ ಎರಡೆರಡು ಸಲ ಕಾರ್ಡು ತೆಗೆದು ನೋಡುತ್ತಾರೆ.

ಗೋಡೆಯ ಚೀಟಿ ಬದಲಾಯಿತು. ಹಳೆಯದನ್ನು ಕೆರೆದು ತೆಗೆದ ಜಾಗದಲ್ಲಿ ಬಣ್ಣ ಹೋಗಿ ಚೌಕದ ಗುರುತು ಉಳಿದಿತ್ತು. ಅದರ ಮೇಲೆ ಹೊಸದು, ಕೂಗುವ ಪೆಟ್ಟಿಗೆಯೂ ಈಗ ಅದಕ್ಕೇ ಜೋಡಿಸಿದ್ದು. ಸ್ಕ್ಯಾನ್ ಮಾಡಿದರೆ ದೇಯಿ ಎಂದು ಬರುತ್ತದೆ. ಮೊದಲ ದಿನ ಅವರು ನನ್ನ ಮೊಬೈಲನ್ನು ಇಸಿದುಕೊಂಡು, ಹಣ ಕಳಿಸುವ ಮೊದಲು ಬರುವ ಆ ಹೆಸರನ್ನು ನೋಡಿ, ತುಳುವಿನಲ್ಲಿ "ಆವು", ಆಯಿತು, ಎಂದು ವಾಪಸು ಕೊಟ್ಟರು.

ಚೀಟಿಯನ್ನು ಅಂಟಿಸಿ ಕೊಟ್ಟವನು ಕೌಶಲ್ ಅಲ್ಲ, ಸಮದ್. ಕೌಶಲ್ ಮಧ್ಯಾಹ್ನ ಬರುವುದನ್ನೇ ಬಿಟ್ಟಿದ್ದ. ಬೆಳಿಗ್ಗೆ ತಾಯಿ ಏಳುವ ಹೊತ್ತಿಗೆ ಅವನು ಮಲಗಿರುತ್ತಿದ್ದ, ಇವರು ಮನೆಗೆ ಮುಟ್ಟುವಾಗ ಅವನು ಅಂಗಡಿಯಲ್ಲಿ. ಅವನ ಪಾಲಿನ ಮೀನನ್ನು ದೇಯಿಯಕ್ಕ ದಿನಾ ಬೇರೆ ಬಾಣಲೆಯಲ್ಲಿ ಮುಚ್ಚಿಡುತ್ತಿದ್ದರು. ಕೊನೆಗೆ ಅದನ್ನು ಯಾರಿಗಾದರೂ ಬಡಿಸುತ್ತಿದ್ದರು.

ನಿನ್ನೆ ನಿರೀಕ್ಷಾ ಊಟ ಮುಗಿಸಿ ಅವಸರದಲ್ಲಿ ಹೊರಟವಳು ಬಾಗಿಲಿನಿಂದ ಹಿಂದೆ ಬಂದಳು. "ಅಯ್ಯೋ ಅಕ್ಕ, ನಾನು ಹಳೆ ಅಭ್ಯಾಸದಲ್ಲಿ ಸ್ಕ್ಯಾನ್ ಮಾಡದೆ ಕೌಶಲಣ್ಣನ ನಂಬರಿಗೇ ಕಳಿಸಿಬಿಟ್ಟೆ. ನನ್ನ ಫೋನಿನಲ್ಲಿ ಅದೇ ಮೇಲೆ ಬರ್ತದೆ. ಪುನಃ ಕಳಿಸ್ಲಾ?"

"ಬೇಡ, ಹೋಗು. ನಿಂಗೆ ಕ್ಲಾಸಿಗೆ ಲೇಟಾಗ್ತದೆ" ಎಂದರು ದೇಯಿಯಕ್ಕ. ಪೆಟ್ಟಿಗೆ ಸುಮ್ಮನಿತ್ತು. ಅವರು ಒಮ್ಮೆ ಅದರ ಕಡೆಗೆ ನೋಡಿ, ಬಾಣಲೆಯ ಮುಂದೆ ಹೋಗಿ ನಿಂತರು. ಕೊನೆಯ ಕೆಲವು ಬೂತಾಯಿ ಮೀನುಗಳು ಎಣ್ಣೆಯಲ್ಲಿ ಚಿಟಪಟ ಎನ್ನುತ್ತಿದ್ದವು.

ನಾನು ಕೈ ತೊಳೆಯುತ್ತಿದ್ದೆ. ತಲೆಯ ಹತ್ತಿರವೇ ಪೆಟ್ಟಿಗೆ ಕೂಗಿತು. ಹಿಂದೆ ತಿರುಗಿದರೆ ಸ್ಕ್ಯಾನ್ ಮಾಡಿದವರು ಯಾರೂ ಇಲ್ಲ, ಕೋಣೆಯಲ್ಲಿ ನಾವಿಬ್ಬರೇ. ದೇಯಿಯಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿ ಮೊಬೈಲು ತೆಗೆದರು. ನಿರೀಕ್ಷಾ ಕಳಿಸಿದ್ದು ಎಷ್ಟೋ ಅಷ್ಟೇ. ಕಳಿಸಿದವರ ಜಾಗದಲ್ಲಿ ಕೌಶಲ್ ಎಂದಿತ್ತು. ಜೊತೆಗೆ ಒಂದು ಮಾತೂ ಬರೆದಿರಲಿಲ್ಲ.

ಅವರು ಅದನ್ನು ನನಗೆ ತೋರಿಸಿದರು. ನಾನು ಓದಿ ಹೇಳಬೇಕಾಗಿರಲಿಲ್ಲ. ಮೊಬೈಲನ್ನು ಮಸಾಲೆ ಡಬ್ಬಿಗಳ ಪಕ್ಕ ಇಟ್ಟು, ಮತ್ತೆ ಎತ್ತಿ ನೋಡಿ, ಮತ್ತೆ ಇಟ್ಟರು. ಬೆಂಚಿನ ತನಕ ಹೋದರು. ಕುಳಿತುಕೊಳ್ಳುತ್ತಾರೆ ಎಂದುಕೊಂಡೆ. ಕುಳಿತುಕೊಳ್ಳಲಿಲ್ಲ. ಬಾಣಲೆಯಿಂದ ಎರಡು ಬೂತಾಯಿ ತೆಗೆದು, ಅನ್ನದ ಜೊತೆ ಒಂದು ಬುತ್ತಿಡಬ್ಬಿಗೆ ಹಾಕಿ ಮುಚ್ಚಳ ಒತ್ತಿದರು.

"ನೀನು ಬಿಜೈ ಕಡೆಗೆ ಹೋಗುದುಂಟಾ ಇವತ್ತು?" ಎಂದು ಕೇಳಿದರು.

ಇಲ್ಲ ಎಂದೆ. ಅವರು ಬಾಗಿಲಿನಿಂದ ಆಕಾಶ ನೋಡಿ, ಗೋಣಿಚೀಲವನ್ನು ಹೊಸ್ತಿಲಿಗೆ ಅಡ್ಡ ಇಟ್ಟು, ಬುತ್ತಿಯನ್ನು ಚೀಲಕ್ಕೆ ಹಾಕಿಕೊಂಡು ಬಿಜೈಯ ಬಸ್ಸಿಗೆ ತಾವೇ ಹೊರಟರು. ಅವರದ್ದು ಆ ದಿನದ ಊಟ ಆಗಿರಲಿಲ್ಲ.